ಹೆಸರು ನಮ್ಮದು, ಸಾಲ ಯಾರದೋ

ಕರ್ನಾಟಕದ ಯಾವ ಹೋಬಳಿಗೆ ಹೋದರೂ ಒಂದು ಫಲಕ ಕಣ್ಣಿಗೆ ಬೀಳುತ್ತದೆ: ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ’. ನೋಡಿ ನೋಡಿ ರೂಢಿಯಾಗಿರುವ ಈ ಹೆಸರಿನಲ್ಲಿ ‘ಪತ್ತು’ ಎಂಬ ಮಾತಿನ ಅರ್ಥವೇನೆಂದು ನಿಂತು ಯೋಚಿಸುವವರು ಕಡಿಮೆ. ಪತ್ತು ಎಂದರೆ ಬರೀ ಸಾಲವಲ್ಲ, ಸಾಲ ಹುಟ್ಟುವ ಯೋಗ್ಯತೆ. ನೆರೆಯ ಮರಾಠಿಯಲ್ಲಿ ‘ಪತ’ ಎಂದರೆ ಸಾಲ ಪಡೆಯುವ ಶಕ್ತಿಯೂ ಹೌದು, ಮನುಷ್ಯನ ಮರ್ಯಾದೆಯೂ ಹೌದು. ಎರಡೂ ಒಂದೇ ನಾಣ್ಯದ ಎರಡು ಮುಖಗಳೆಂದು ಹಿಂದಿನವರು ತಿಳಿದಿದ್ದರು.

ಈ ಪತ್ತನ್ನೇ ಈಗ ಕಳ್ಳರು ಕದಿಯುತ್ತಿದ್ದಾರೆ. ಮನೆಯ ಬೀಗ ಒಡೆದಿರುವುದಿಲ್ಲ, ಜೇಬಿಗೆ ಕತ್ತರಿ ಬಿದ್ದಿರುವುದಿಲ್ಲ, ಬ್ಯಾಂಕ್ ಖಾತೆಯಲ್ಲಿ ಒಂದು ರೂಪಾಯಿ ಕಡಿಮೆಯಾಗಿರುವುದಿಲ್ಲ. ಮಗಳ ಓದಿಗೋ ಮನೆ ಕಟ್ಟಲೋ ಸಾಲ ಕೇಳಲು ಹೋದ ದಿನ, ‘ನಿಮ್ಮ ಹೆಸರಿನಲ್ಲಿ ಕಟ್ಟದ ಬಾಕಿ ಇದೆ’ ಎಂದು ಬ್ಯಾಂಕಿನವರು ಹೇಳಿದಾಗಲೇ ಕಳ್ಳತನ ತಿಳಿಯುವುದು. ಉಣ್ಣದ ಊಟಕ್ಕೆ ಎಲೆ ಎತ್ತುವ ಸರದಿ ಅಲ್ಲಿಂದ ಶುರು.

ಮುಖ ನೋಡಿ ಕೊಟ್ಟ ಸಾಲ

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರ ಮೇ 8ರಂದು ಒಂದು ಸಂಘ ನೋಂದಣಿಯಾಯಿತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಕಟ್ಟಿದ ಈ ಸಂಘವನ್ನು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಗೌರವಿಸಲಾಗುತ್ತದೆ. ಅದಕ್ಕೆ ಆಧಾರವಾಗಿದ್ದ 1904ರ ಕಾಯಿದೆಯಲ್ಲಿ ಒಂದು ವಿಶೇಷವಿತ್ತು. ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿ ಇರಲಿಲ್ಲ. ಒಬ್ಬ ಸಾಲ ಮುಳುಗಿಸಿದರೆ ಉಳಿದವರೆಲ್ಲ ತೆರಬೇಕು. ಹಾಗಾಗಿ ಯಾರಿಗೆ ಸಾಲ ಕೊಡಬಹುದು ಎಂಬುದನ್ನು ಒಂದೇ ಊರಿನ, ಪರಸ್ಪರ ಬಲ್ಲ ಜನರೇ ತೀರ್ಮಾನಿಸುತ್ತಿದ್ದರು. ಕಣಗಿನಹಾಳದಲ್ಲಿ ಒಬ್ಬನ ಹೆಸರು ಹೇಳಿ ಇನ್ನೊಬ್ಬ ಸಾಲ ಎತ್ತುವುದು ಸಾಧ್ಯವೇ ಇರಲಿಲ್ಲ. ಹೆಸರಿನ ಜೊತೆ ಮುಖವೂ ಎಲ್ಲರಿಗೂ ಗೊತ್ತಿತ್ತು.

ಪಟ್ಟಣ ಬೆಳೆದಂತೆ, ವ್ಯಾಪಾರ ದೂರದೂರಿಗೆ ಹರಡಿದಂತೆ ಈ ಮುಖಪರಿಚಯ ಸಾಲದಾಯಿತು. ಅಮೆರಿಕದಲ್ಲಿ ಈ ತೊಡಕು ಇನ್ನೂ ಮೊದಲೇ ಎದುರಾಗಿತ್ತು. ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ ಲೂಯಿಸ್ ಟ್ಯಾಪನ್ ಅವರ ಕುಟುಂಬದ ಅಂಗಡಿ 1837ರ ಆರ್ಥಿಕ ಮುಗ್ಗಟ್ಟಿನಲ್ಲಿ ಕುಸಿಯಿತು. ಉದ್ದರಿ ಕೊಟ್ಟ ಹಣ ವಾಪಸು ಬಾರದೆ ಪೆಟ್ಟು ತಿಂದ ಅವರು 1841ರಲ್ಲಿ ‘ಮರ್ಕೆಂಟೈಲ್ ಏಜೆನ್ಸಿ’ ಆರಂಭಿಸಿದರು. ಊರೂರಿನ ವಕೀಲರು, ಗಣ್ಯರು ತಮ್ಮ ಊರಿನ ವರ್ತಕರ ಸ್ಥಿತಿಗತಿ ಬರೆದು ಕಳಿಸುತ್ತಿದ್ದರು. ಮುಂದೆ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ ಕೂಡ ವಕೀಲರಾಗಿದ್ದಾಗ ಇಂಥ ವರದಿಗಾರರಲ್ಲಿ ಒಬ್ಬರಾಗಿದ್ದರು. ಬಂದ ವಿವರಗಳನ್ನು ದಪ್ಪ ಲೆಡ್ಜರುಗಳಲ್ಲಿ ಬರೆದಿಟ್ಟು, ಚಂದಾ ಕೊಟ್ಟ ವ್ಯಾಪಾರಿಗಳಿಗೆ ಗುಮಾಸ್ತರು ಓದಿ ಹೇಳುತ್ತಿದ್ದರು. ಯಾರ ಬಗ್ಗೆ ಬರೆದಿದೆಯೋ ಅವರಿಗೆ ಮಾತ್ರ ಅದು ಗೊತ್ತಾಗುತ್ತಿರಲಿಲ್ಲ.

1899ರಲ್ಲಿ ಅಟ್ಲಾಂಟಾ ನಗರದಲ್ಲಿ ಇಬ್ಬರು ಸೋದರರು ‘ರಿಟೇಲ್ ಕ್ರೆಡಿಟ್ ಕಂಪನಿ’ ಕಟ್ಟಿದರು. ವ್ಯಾಪಾರಿಗಳ ಜಾಗದಲ್ಲಿ ಈಗ ಸಾಮಾನ್ಯ ಗಿರಾಕಿಗಳ ಹೆಸರು ಪುಸ್ತಕ ಸೇರಿತು. ಯಾರು ಸಾಲ ತೀರಿಸುತ್ತಾರೆ ಎಂಬುದರ ಜೊತೆಗೆ ಯಾರು ಕುಡಿಯುತ್ತಾರೆ, ಯಾರ ಸಂಸಾರದಲ್ಲಿ ಜಗಳವಿದೆ ಎಂಬುದೂ ಕಡತಕ್ಕೆ ಹೋಯಿತು. ಸುಳ್ಳು ಸುದ್ದಿ ಸೇರಿದರೂ ಅಳಿಸುವವರಿಲ್ಲ. ಇದರ ವಿರುದ್ಧ ಎದ್ದ ಕೂಗಿನ ಫಲವೇ 1970ರ ‘ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್’. ತನ್ನ ಕಡತದಲ್ಲಿ ಏನಿದೆ ಎಂದು ತಿಳಿಯುವ ಹಾಗೂ ತಪ್ಪಿದ್ದರೆ ತಕರಾರು ಎತ್ತುವ ಹಕ್ಕು ಅಲ್ಲಿನ ಪ್ರಜೆಗೆ ಸಿಕ್ಕಿದ್ದು ಆಗ. ಅದೇ ರಿಟೇಲ್ ಕ್ರೆಡಿಟ್ ಕಂಪನಿ 1970ರ ದಶಕದಲ್ಲಿ ಹೆಸರು ಬದಲಿಸಿಕೊಂಡು ‘ಈಕ್ವಿಫ್ಯಾಕ್ಸ್’ ಆಯಿತು.

ಭಾರತದ ನಾಲ್ಕು ಕಡತಗಳು

ಭಾರತದಲ್ಲಿ ಇಂಥ ಮೊದಲ ಸಂಸ್ಥೆ ‘ಸಿಬಿಲ್’ ಸ್ಥಾಪನೆಯಾದದ್ದು 2000ದಲ್ಲಿ. ವ್ಯಕ್ತಿಗಳ ಸಾಲದ ವಿವರ ಒದಗಿಸುವ ಕೆಲಸ 2004ರಲ್ಲಿ ಆರಂಭವಾಯಿತು. ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯಿದೆ 2005ರಲ್ಲಿ ಬಂದು 2006ರ ಡಿಸೆಂಬರ್‌ನಿಂದ ಜಾರಿಯಾಯಿತು. ಇಂದು ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಹಾಗೂ ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದಿವೆ. ಬ್ಯಾಂಕುಗಳೂ ಸಾಲ ಕೊಡುವ ಹಣಕಾಸು ಸಂಸ್ಥೆಗಳೂ ನಾಲ್ಕಕ್ಕೂ ಸದಸ್ಯರಾಗಬೇಕೆಂದು ರಿಸರ್ವ್ ಬ್ಯಾಂಕ್ 2015ರಲ್ಲಿ ಆದೇಶಿಸಿತು.

ಜನ ‘ಸಿಬಿಲ್ ಸ್ಕೋರ್’ ಎಂದು ಕರೆಯುವ ಅಂಕ 300ರಿಂದ 900ರವರೆಗೆ ಇರುತ್ತದೆ. ಅಂಕಕ್ಕಿಂತ ಅದರ ಹಿಂದಿರುವ ವರದಿ ಮುಖ್ಯ. ಅದರಲ್ಲಿ ಮೂರು ಭಾಗಗಳಿವೆ: ಹೆಸರು, ಜನ್ಮದಿನಾಂಕ, ಪ್ಯಾನ್, ವಿಳಾಸ, ಫೋನ್ ಮುಂತಾದ ಗುರುತಿನ ವಿವರ, ಹಳೆಯ ಮತ್ತು ಈಗಿನ ಸಾಲಗಳ ಪಟ್ಟಿ, ಸಾಲ ಕೇಳಿ ಅರ್ಜಿ ಹಾಕಿದಾಗ ಯಾವ ಬ್ಯಾಂಕು ಕಡತ ತೆರೆದು ನೋಡಿತು ಎಂಬ ವಿಚಾರಣೆಗಳ ಪಟ್ಟಿ.

ಕಣಗಿನಹಾಳದ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಅಲ್ಲಿ ಸಾಲಗಾರನನ್ನು ಬಲ್ಲವರು ಸಾಲ ಕೊಡುತ್ತಿದ್ದರು. ಇಲ್ಲಿ ಸಾಲಗಾರನ ಸಂಖ್ಯೆಯನ್ನು ಬಲ್ಲ ಯಂತ್ರ ಸಾಲ ಕೊಡುತ್ತದೆ. ಮುಖವನ್ನು ಕದಿಯುವುದು ಕಷ್ಟ. ಸಂಖ್ಯೆಯನ್ನು ಕದಿಯುವುದು ಸುಲಭ.

ಅಂಗಡಿ ಫಲಕದಲ್ಲೇ ಗುಟ್ಟು

ಎಷ್ಟು ಸುಲಭ ಎಂಬುದಕ್ಕೆ ಯಾವುದಾದರೂ ಅಂಗಡಿಯ ಬಾಗಿಲಿನ ಫಲಕ ನೋಡಿದರೆ ಸಾಕು. ಅಲ್ಲಿ ಬರೆದಿರಬೇಕಾದ ಜಿಎಸ್‌ಟಿ ಸಂಖ್ಯೆಗೆ 15 ಅಕ್ಷರಾಂಕಿಗಳು. ಮೊದಲ ಎರಡು ರಾಜ್ಯದ ಸಂಕೇತ. ನಂತರದ ಹತ್ತು ಪ್ಯಾನ್. ಒಬ್ಬರೇ ಮಾಲೀಕರಾಗಿರುವ ಅಂಗಡಿಯಾದರೆ ಅದು ಅವರ ಸ್ವಂತ ಪ್ಯಾನ್. ಗುಟ್ಟೆಂದು ಬೀರುವಿನಲ್ಲಿಟ್ಟ ಸಂಖ್ಯೆ ಬೀದಿಗೆ ಮುಖ ಮಾಡಿ ನೇತಾಡುತ್ತಿರುತ್ತದೆ.

ದೆಹಲಿ ಪೊಲೀಸರು 2023ರ ಮಾರ್ಚ್‌ನಲ್ಲಿ ಬಯಲಿಗೆಳೆದ ಪ್ರಕರಣದಲ್ಲಿ ಆಗಿದ್ದು ಇದೇ ಎಂದು ಪೊಲೀಸರು ತಿಳಿಸಿದ್ದರು. ಕ್ರಿಕೆಟ್ ಮತ್ತು ಚಿತ್ರರಂಗದ ಖ್ಯಾತನಾಮರ ಜಿಎಸ್‌ಟಿ ಸಂಖ್ಯೆಗಳು ಇಂಟರ್‌ನೆಟ್ಟಿನಲ್ಲಿ ಸಿಕ್ಕವು. ಅವುಗಳಿಂದ ಪ್ಯಾನ್ ತೆಗೆದರು. ಖ್ಯಾತನಾಮರ ಹುಟ್ಟಿದ ದಿನ ಯಾರಿಗೆ ಗೊತ್ತಿಲ್ಲ? ಖೋಟಾ ಕಾರ್ಡುಗಳಿಗೆ ತಮ್ಮ ಫೋಟೋ ಅಂಟಿಸಿಕೊಂಡು, ಬೇರೆಯವರ ಹೆಸರಿನಲ್ಲಿ ಕ್ರೆಡಿಟ್ ಕಾರ್ಡ್ ಪಡೆದು ಖರ್ಚು ಮಾಡಿದರು. ಇದಕ್ಕೆ ಒಂದು ವರ್ಷ ಮೊದಲು, 2022ರಲ್ಲಿ, ತಮ್ಮ ಪ್ಯಾನ್ ಬಳಸಿ ಯಾರೋ 2,500 ರೂಪಾಯಿ ಸಾಲ ಎತ್ತಿದ್ದಾರೆ, ಅದರಿಂದ ಸ್ಕೋರ್ ಕೆಟ್ಟಿದೆ ಎಂದು ಹಿಂದಿ ನಟ ರಾಜ್‌ಕುಮಾರ್ ರಾವ್ ಬಹಿರಂಗವಾಗಿ ದೂರಿದ್ದರು.

2,500 ರೂಪಾಯಿ ನಟನೊಬ್ಬನಿಗೆ ದೊಡ್ಡದಲ್ಲ. ಆದರೆ ಕಡತದಲ್ಲಿ ‘ಕಟ್ಟಿಲ್ಲ’ ಎಂಬ ಗುರುತು ಬೀಳುವುದಕ್ಕೆ ಅಷ್ಟು ಮೊತ್ತ ಸಾಕು. ಖ್ಯಾತರು ಒಂದು ಮಾತು ಬರೆದರೆ ದೇಶವೇ ಓದುತ್ತದೆ. ಸಾಮಾನ್ಯರ ಪಾಡು ಬೇರೆ. ಲಾಡ್ಜಿನಲ್ಲಿ, ಸಿಮ್ ಮಾರುವ ಅಂಗಡಿಯಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟ ಆಧಾರ್ ಪ್ರತಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಅವರಿಗೆ ತಿಳಿಯುವ ದಾರಿಯಿಲ್ಲ.

ಬೀಗ ಇರುವ ದೇಶ, ಇಲ್ಲದ ದೇಶ

ಜನ ಎಚ್ಚರವಾಗಿದ್ದರೆ ಸಾಕೇ ಎಂಬ ಪ್ರಶ್ನೆಗೆ 2017ರಲ್ಲಿ ಅಮೆರಿಕದಲ್ಲಿ ಉತ್ತರ ಸಿಕ್ಕಿತು. ಸಾಫ್ಟ್‌ವೇರಿನಲ್ಲಿ ಮುಚ್ಚದೆ ಬಿಟ್ಟಿದ್ದ ಒಂದು ರಂಧ್ರದ ಮೂಲಕ ಈಕ್ವಿಫ್ಯಾಕ್ಸ್ ಕಂಪನಿಯ ಕಂಪ್ಯೂಟರುಗಳಿಗೆ ನುಗ್ಗಿದವರು ಸುಮಾರು 14 ಕೋಟಿ 70 ಲಕ್ಷ ಜನರ ವಿವರ ಕದ್ದರು. ಪತ್ತಿನ ಲೆಕ್ಕ ಕಾಯಬೇಕಾದ ಮನೆಗೇ ಕನ್ನ ಬಿದ್ದಿತ್ತು. ಆ ಸೋರಿಕೆಗೂ ಭಾರತದ ಕಡತಗಳಿಗೂ ಸಂಬಂಧವಿರಲಿಲ್ಲ. ಆದರೆ ಪಾಠ ಎಲ್ಲರಿಗೂ ಒಂದೇ. ತನ್ನ ಕಾರ್ಡನ್ನು ಎಷ್ಟೇ ಜೋಪಾನ ಮಾಡಿದರೂ ತನ್ನ ಕಡತ ಇನ್ನೊಬ್ಬರ ಕೈಯಲ್ಲಿರುತ್ತದೆ.

ಈ ಘಟನೆಯ ನಂತರ ಅಲ್ಲಿನ ಸಂಸತ್ತು ಕಾನೂನು ತಿದ್ದಿತು. 2018ರ ಸೆಪ್ಟೆಂಬರ್ 21ರಿಂದ ಯಾರು ಬೇಕಾದರೂ ತಮ್ಮ ಕಡತಕ್ಕೆ ಬಿಟ್ಟಿಯಾಗಿ ಬೀಗ ಹಾಕಿಸಬಹುದು. ಬೀಗ ಇದ್ದಷ್ಟು ದಿನ ಹೊಸದಾಗಿ ಸಾಲ ಕೊಡಲು ಬರುವ ಬ್ಯಾಂಕಿಗೆ ಕಡತ ತೆರೆಯುವುದಿಲ್ಲ. ಕಡತ ನೋಡದೆ ಬ್ಯಾಂಕು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಕಳ್ಳನ ಬಳಿ ಸಂಖ್ಯೆ ಇದ್ದರೂ ಅದು ಕೆಲಸಕ್ಕೆ ಬಾರದು. ಸ್ವತಃ ಸಾಲ ಬೇಕಾದಾಗ ಫೋನಿನಲ್ಲೋ ಆನ್‌ಲೈನಿನಲ್ಲೋ ಕೇಳಿದರೆ ಒಂದು ಗಂಟೆಯೊಳಗೆ ಬೀಗ ತೆಗೆಯಬೇಕು ಎಂಬುದೂ ಅಲ್ಲಿನ ನಿಯಮ.

ಭಾರತದ 2005ರ ಕಾಯಿದೆಯಲ್ಲಿ ಇಂಥ ಬೀಗದ ಹಕ್ಕು ಇಲ್ಲ. ಇಲ್ಲಿ ಇರುವುದು ನೋಡುವ ಹಕ್ಕು ಮತ್ತು ತಿದ್ದಿಸುವ ಹಕ್ಕು. ಹಾಗಾಗಿ ಕಳ್ಳತನ ತಡೆಯುವುದಕ್ಕಿಂತ ಬೇಗ ಕಂಡುಹಿಡಿಯುವುದು, ಕಂಡ ಮೇಲೆ ಕ್ರಮವಾಗಿ ಬರವಣಿಗೆಯಲ್ಲಿ ಹೋರಾಡುವುದು, ಇವೆರಡೇ ಇಲ್ಲಿನ ಜನರಿಗಿರುವ ಮುಖ್ಯ ದಾರಿ.

ಮೊದಲು ಏನು ಮಾಡಬೇಕು?

ಮೊದಲ ಕೆಲಸ ನಾಲ್ಕೂ ಕಂಪನಿಗಳಿಂದ ವರದಿ ತರಿಸುವುದು. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕೆಂಬ ನಿಯಮ 2017ರ ಜನವರಿ 1ರಿಂದ ಜಾರಿಯಲ್ಲಿದೆ. ಇದಕ್ಕೆ ದಲ್ಲಾಳಿಗಳ ಅಗತ್ಯವಿಲ್ಲ. ಒಂದೇ ವರದಿ ನೋಡಿ ಸಮಾಧಾನಪಡುವುದು ಸರಿಯಲ್ಲ, ಏಕೆಂದರೆ ಸುಳ್ಳು ಸಾಲ ನಾಲ್ಕರಲ್ಲೂ ದಾಖಲಾಗಿರದೆ ಇರಬಹುದು. ವರದಿ ಬಂದಾಗ ಸ್ಕೋರ್ ಬದಿಗಿಟ್ಟು ವಿಚಾರಣೆಗಳ ಪಟ್ಟಿ ನೋಡಬೇಕು. ತಾವು ಅರ್ಜಿಯನ್ನೇ ಹಾಕದ ಸಂಸ್ಥೆಯ ಹೆಸರು ಅಲ್ಲಿದ್ದರೆ ಯಾರೋ ಬಾಗಿಲು ಬಡಿದಿದ್ದಾರೆ ಎಂದೇ ಅರ್ಥ. ಗುರುತಿನ ಭಾಗದಲ್ಲಿ ಅಪರಿಚಿತ ಫೋನ್ ನಂಬರೋ ವಿಳಾಸವೋ ಕಂಡರೆ ಅದೂ ಸುಳಿವೇ.

ಎರಡನೆಯದು ಸಾಲ ಕೊಟ್ಟ ಸಂಸ್ಥೆಗೆ ಬರಹದಲ್ಲಿ ದೂರು. ‘ಈ ಸಾಲ ನನ್ನದಲ್ಲ’ ಎಂದಷ್ಟೇ ಬರೆದರೆ ಸಾಲದು. ಸಾಲದ ಕರಾರುಪತ್ರ, ಪಡೆದ ಗುರುತಿನ ದಾಖಲೆ ಮತ್ತು ಫೋಟೋ, ಬಳಸಿದ ಫೋನ್ ನಂಬರ್ ಇವುಗಳ ವಿವರ ಕೇಳಬೇಕು. ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ಹಣ ಯಾವ ಬ್ಯಾಂಕ್ ಖಾತೆಗೆ ಹೋಯಿತು? ಡಿಜಿಟಲ್ ಸಾಲದ ಹಣ ನೇರವಾಗಿ ಸಾಲಗಾರನ ಖಾತೆಗೇ ಹೋಗಬೇಕು, ಮಧ್ಯದವರ ಖಾತೆಗೆ ಹೋಗಬಾರದು ಎಂಬುದು ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ಮೂಲ ನಿಯಮ. ಹಣ ಬೇರೆಯವರ ಖಾತೆಗೆ ಹೋಗಿದ್ದರೆ ಸಾಲ ತನ್ನದಲ್ಲ ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಮೂರನೆಯದು ಪೊಲೀಸ್ ದೂರು. ಕರ್ನಾಟಕದಲ್ಲಿ 2001ರಲ್ಲೇ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಠಾಣೆ ಆರಂಭವಾಗಿತ್ತು. ಈಗ ಜಿಲ್ಲೆಗಳಲ್ಲಿ ‘ಸೆನ್’ ಠಾಣೆಗಳಿವೆ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ಬರೆಸಬಹುದು. ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಇನ್ನೊಬ್ಬರ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಸಿ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಉಂಟು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳದಿದ್ದರೆ ಅದನ್ನೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಲು ಕಾನೂನು ಅವಕಾಶ ಕೊಟ್ಟಿದೆ.

ನಾಲ್ಕನೆಯದು ಸುಳ್ಳು ಸಾಲ ಕಾಣಿಸಿಕೊಂಡ ಪ್ರತಿ ಸಾಲ ಮಾಹಿತಿ ಕಂಪನಿಗೂ ಪ್ರತ್ಯೇಕ ತಕರಾರು. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಕಂಪನಿಗಳು ತಾವಾಗಿಯೇ ದಾಖಲೆ ಅಳಿಸುವುದಿಲ್ಲ. ಸಾಲ ಕೊಟ್ಟ ಸಂಸ್ಥೆಯನ್ನು ಕೇಳಿ, ಅದು ಒಪ್ಪಿದ ಮೇಲೆ ತಿದ್ದುತ್ತವೆ. ಇದೇ ಕಾರಣಕ್ಕೆ ಎರಡು ಕಡೆಯೂ ಏಕಕಾಲಕ್ಕೆ ದೂರು ಕೊಡುವುದು ಜಾಣತನ. ದೂರು ಬಂದ 30 ದಿನಗಳಲ್ಲಿ ವಿವಾದ ಮುಗಿಯಬೇಕು. ಅದರಲ್ಲಿ ಸಾಲ ಕೊಟ್ಟ ಸಂಸ್ಥೆಗೆ 21 ದಿನ. ಗಡುವು ಮೀರಿದರೆ ದೂರುದಾರರಿಗೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕೆಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿ, 2024ರ ಏಪ್ರಿಲ್ 26ರಿಂದ ಜಾರಿಗೆ ತಂದಿತು. ತಿದ್ದಲು ನಿರಾಕರಿಸಿದರೆ ಕಾರಣ ತಿಳಿಸಬೇಕು. 30 ದಿನ ಕಾದರೂ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಸಾಲ ಮಾಹಿತಿ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ. ಅಲ್ಲಿ ದೂರು ನೀಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮಾಡಬಾರದ ಒಂದು ತಪ್ಪು

ವಸೂಲಿಗಾರರ ಫೋನು ಹಗಲೂ ರಾತ್ರಿ ಬರತೊಡಗಿದಾಗ ‘ಎರಡೂವರೆ ಸಾವಿರ ತಾನೇ, ಕಟ್ಟಿ ಕೈತೊಳೆದುಕೊಳ್ಳೋಣ’ ಎಂದು ಅನ್ನಿಸುವುದು ಸಹಜ. ಮನೆಯವರೂ ಅದನ್ನೇ ಹೇಳುತ್ತಾರೆ. ಆದರೆ ಕಟ್ಟಿದರೆ ಸಾಲ ತನ್ನದೆಂದು ಒಪ್ಪಿಕೊಂಡ ಅರ್ಥ ಬರಬಹುದು. ಮೊತ್ತದಲ್ಲಿ ರಿಯಾಯಿತಿ ಪಡೆದು ಮುಗಿಸಿದರೆ ವರದಿಯಲ್ಲಿ ‘ಸೆಟಲ್ಡ್’ ಎಂಬ ಷರಾ ಬೀಳುತ್ತದೆ. ಪೂರ್ತಿ ತೀರಿಸಲಾಗದ ಸಾಲಗಾರ ಎಂದೇ ಮುಂದಿನ ಬ್ಯಾಂಕು ಅದನ್ನು ಓದುತ್ತದೆ. ಕಳ್ಳನ ಸಾಲವನ್ನು ತೀರಿಸಿದ್ದಲ್ಲದೆ ಕಳಂಕವನ್ನೂ ಕೊಂಡಂತಾಗುತ್ತದೆ. ಕೇಳಬೇಕಾದದ್ದು ರಿಯಾಯಿತಿಯಲ್ಲ, ಸಾಲ ತನ್ನದಲ್ಲ ಎಂಬ ಪತ್ರ ಮತ್ತು ಕಡತದಿಂದ ಆ ದಾಖಲೆಯನ್ನು ತೆಗೆದುಹಾಕುವುದು.

ಇದರ ಜೊತೆಗೆ ತೆರೆದ ಬಾಗಿಲುಗಳನ್ನೂ ಮುಚ್ಚಬೇಕು. ಆಧಾರ್‌ನ ಬೆರಳಚ್ಚು ಮತ್ತು ಕಣ್ಣಿನ ಗುರುತಿಗೆ ಬೀಗ ಹಾಕುವ ಸೌಲಭ್ಯವಿದೆ. ಇತ್ತೀಚೆಗೆ ಎಲ್ಲೆಲ್ಲಿ ಆಧಾರ್ ದೃಢೀಕರಣ ನಡೆದಿದೆ ಎಂಬುದನ್ನೂ ನೋಡಬಹುದು. ಪ್ರತಿ ಕೊಡಲೇಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್’ ಆಧಾರ್ ಕೊಡುವುದು ಕ್ಷೇಮ. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ನೋಡಿ, ತಮ್ಮದಲ್ಲದ್ದನ್ನು ನಿಲ್ಲಿಸಲು ಕೋರಬಹುದು.

ಬ್ಯಾಂಕುಗಳು ಕಡತ ತೆರೆದಾಗ ಸಂಬಂಧಪಟ್ಟವರಿಗೆ ಎಸ್‌ಎಂಎಸ್ ಅಥವಾ ಇ–ಮೇಲ್ ಮೂಲಕ ತಿಳಿಸಬೇಕೆಂಬ ನಿಯಮವೂ ಈಗ ಇದೆ. ಅಮೆರಿಕದಂತೆ ಬೀಗ ಇಲ್ಲದಿದ್ದರೂ ಬಾಗಿಲಿಗೆ ಗಂಟೆ ಕಟ್ಟಿದಂತೆ ಇದು. ಆದರೆ ಕಡತದಲ್ಲಿ ಕಳ್ಳನ ನಂಬರ್ ಇದ್ದರೆ ಗಂಟೆ ಕಳ್ಳನ ಮನೆಯಲ್ಲೇ ಮೊಳಗುತ್ತದೆ. ಆದ್ದರಿಂದ ಗುರುತಿನ ಭಾಗದಲ್ಲಿ ತಮ್ಮದೇ ನಂಬರ್ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು ಸಣ್ಣ ಕೆಲಸವಲ್ಲ.

ಎಲ್ಲವೂ ಸರಿಹೋದ ಮೇಲೂ ಕಾಗದಗಳನ್ನು ಎಸೆಯಬಾರದು. ದೂರಿನ ಸಂಖ್ಯೆ, ಎಫ್‌ಐಆರ್ ಪ್ರತಿ, ಸಂಸ್ಥೆಯ ಪತ್ರ ಒಂದು ಕಡತದಲ್ಲಿರಲಿ. ಅಳಿಸಿದ ಸಾಲ ಮತ್ತೆ ತಲೆಯೆತ್ತಿದರೆ, ಹಳೆಯ ಬಾಕಿಯ ಪಟ್ಟಿ ಹಿಡಿದು ಹೊಸ ವಸೂಲಿಗಾರ ಬಂದರೆ, ಆ ಕಡತವೇ ಉತ್ತರ. ಕೆಲವು ತಿಂಗಳ ನಂತರ ಇನ್ನೊಮ್ಮೆ ವರದಿ ತರಿಸಿ ನೋಡುವುದು ಒಳ್ಳೆಯದು.

ಹಳ್ಳಿಯ ರೈತ ಆಗಾಗ ಪಹಣಿ ತೆಗೆಸಿ ನೋಡುತ್ತಾನೆ. ಹೆಸರು ಸರಿಯಿದೆಯೇ, ತಾನು ಮಾಡದ ಋಣವೇನಾದರೂ ನಮೂದಾಗಿದೆಯೇ ಎಂದು ಸಾಲು ಸಾಲಾಗಿ ಓದಿಸಿಕೊಳ್ಳುತ್ತಾನೆ. ಜಮೀನು ಕಣ್ಣೆದುರೇ ಇದ್ದರೂ ಕಾಗದದಲ್ಲಿ ಇಲ್ಲದಿದ್ದರೆ ತನ್ನದಲ್ಲ ಎಂಬುದನ್ನು ಅವನು ಅನುಭವದಿಂದ ಬಲ್ಲ. ಪತ್ತಿಗೂ ಈಗ ಅಂಥದೇ ಒಂದು ಪಹಣಿ ಇದೆ. ವರ್ಷಕ್ಕೊಮ್ಮೆ ಅದನ್ನು ಪುಕ್ಕಟೆ ತೆಗೆಸಿ ಓದುವುದಕ್ಕೆ ಅರ್ಧ ಗಂಟೆ ಸಾಕು. ಊರಿನವರೆಲ್ಲ ಮುಖ ನೋಡಿ ಹೆಸರು ಹೇಳುತ್ತಿದ್ದ ಕಾಲದಲ್ಲಿ ಆ ಅರ್ಧ ಗಂಟೆ ಬೇಕಿರಲಿಲ್ಲ. ಈಗ ಬೇಕು.